ಮಿರಜಿನಲ್ಲಿ ನೆಲೆಸಿದ ಸ್ವರ: ಉಸ್ತಾದ್ ಅಬ್ದುಲ್ ಕರೀಂ ಖಾನರ ಜೀವನ

ಕೃಷ್ಣೆಯ ಈಚೆ ದಡದ ಸಾಂಗ್ಲಿವಾಡಿಯಿಂದ ಹೊರಟು, 1929ರಲ್ಲಿ ಸಂಚಾರಕ್ಕೆ ತೆರೆದ ಐರ್ವಿನ್ ಸೇತುವೆಯನ್ನು ದಾಟಿ, ಸಾಂಗ್ಲಿಯ ಪೇಟೆಯನ್ನು ಹಿಂದಿಕ್ಕಿ ನಡೆದರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮಿರಜ ಸಿಗುತ್ತದೆ. ಆ ಊರಿನ ನಡುವೆ ಖ್ವಾಜಾ ಶಮ್ಸುದ್ದೀನ್ ಮೀರಾಸಾಹೇಬರ ದರ್ಗಾ ಇದೆ. ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಅಲ್ಲಿಯ ಉರುಸಿಗೆ ಹೋಗಿ, ಬತ್ತಾಸು ತಿಂದು, ಆಟಿಕೆ ಕೊಂಡು ಬಂದವರೇ. ಆದರೆ ಆ ಆವರಣದಲ್ಲಿಯೇ ಒಬ್ಬ ಮಹಾಗಾಯಕನ ಸಮಾಧಿ ಇದೆ ಎಂಬುದನ್ನೂ, ಉರುಸಿನ ರಾತ್ರಿಗಳಲ್ಲಿ ನಡೆಯುವ ಸಂಗೀತ ಸಭೆಯು ಅವನ ನೆನಪಿಗಾಗಿಯೇ ನಡೆಯುತ್ತದೆ ಎಂಬುದನ್ನೂ ಬಲ್ಲವರು ಕಡಿಮೆ. ಆ ಗಾಯಕರೇ ಉಸ್ತಾದ್ ಅಬ್ದುಲ್ ಕರೀಂ ಖಾನ್.

ಕನ್ನಡ ಶಾಲೆಯೊಂದರ ಶತಮಾನೋತ್ಸವದ ಸಂಚಿಕೆಯಲ್ಲಿ, ಉತ್ತರ ಹಿಂದುಸ್ಥಾನದಿಂದ ಬಂದ ಉರ್ದು ಮನೆಮಾತಿನ ಗಾಯಕರೊಬ್ಬರ ಚರಿತ್ರೆಗೆ ಏನು ಸ್ಥಾನ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಸರಳವಾಗಿದೆ. ಇಂದು ಕನ್ನಡನಾಡು ತನ್ನದೆಂದು ಹೆಮ್ಮೆಪಡುವ ಹಿಂದುಸ್ಥಾನಿ ಗಾಯನದ ಒಂದು ದೊಡ್ಡ ಪಾಲು ಮಿರಜಿನ ಈ ಒಬ್ಬ ಮನುಷ್ಯನ ಕೊರಳಿನಿಂದ ಹರಿದು ಬಂದದ್ದು. ಅಷ್ಟೇ ಅಲ್ಲ. ನಮ್ಮ ಶಾಲೆಯ ಮೊದಲ ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದ ದಿನಗಳಲ್ಲಿ, ಹತ್ತು ಕಿಲೋಮೀಟರಿನಾಚೆ ಈ ಹಿರಿಯರು ತಮ್ಮ ಶಿಷ್ಯರಿಗೆ ಷಡ್ಜವನ್ನು ತಿದ್ದಿಸುತ್ತಿದ್ದರು. ಕಲಿಸುವುದೆಂದರೆ ಏನು, ಕಲಿಸಿದವನ ಪಾಲಿಗೆ ಕೊನೆಗೆ ಉಳಿಯುವುದೇನು ಎಂಬ ಪ್ರಶ್ನೆಗೆ ಅವರ ಬಾಳು ಒಂದು ಉತ್ತರವನ್ನು ಇಟ್ಟುಕೊಂಡಿದೆ.

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರ ನವೆಂಬರ್ 11ರಂದು, ಇಂದಿನ ಉತ್ತರ ಪ್ರದೇಶದ ಕೈರಾಣಾ ಎಂಬ ಊರಿನಲ್ಲಿ. ಆ ಊರಿನ ಹೆಸರೇ ಮುಂದೆ ಕಿರಾಣಾ ಘರಾಣೆಯ ಹೆಸರಾಯಿತು. ಅವರದು ತಲೆಮಾರುಗಳಿಂದ ಸಂಗೀತವನ್ನೇ ನೆಚ್ಚಿದ ಮನೆತನ. ತಂದೆ ಕಾಲೇ ಖಾನರಿಂದಲೂ ಚಿಕ್ಕಪ್ಪ ಅಬ್ದುಲ್ಲಾ ಖಾನರಿಂದಲೂ ಬಾಲಕನಿಗೆ ತಾಲೀಮು ದೊರೆಯಿತು. ಗಾಯನದ ಜೊತೆಗೆ ಸಾರಂಗಿ, ಬೀನ್ ಮೊದಲಾದ ವಾದ್ಯಗಳಲ್ಲಿಯೂ ಕೈ ಪಳಗಿತು. ಮುಂದೆ ಅವರ ಹಾಡುಗಾರಿಕೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ನಯವನ್ನು ಕೇಳಿದವರಿಗೆ, ಬಾಲ್ಯದಲ್ಲಿ ತಂತಿಯ ಮೇಲೆ ಓಡಿದ ಬೆರಳುಗಳ ನೆನಪು ಆ ಕೊರಳಿನಲ್ಲಿ ಉಳಿದುಕೊಂಡಿತ್ತು ಎನಿಸಿದರೆ ಆಶ್ಚರ್ಯವಿಲ್ಲ.

ಯೌವನದಲ್ಲಿ ಸೋದರ ಅಬ್ದುಲ್ ಹಕ್ಕರೊಡನೆ ಊರೂರು ಸುತ್ತುತ್ತ ಅವರು ಬಡೋದೆಯನ್ನು ತಲುಪಿದರು. ಸಯಾಜಿರಾವ್ ಗಾಯಕವಾಡರ ಆ ಸಂಸ್ಥಾನ ಆಗ ವಿದ್ಯೆಗೂ ಕಲೆಗೂ ದೊಡ್ಡ ಆಸರೆಯಾಗಿತ್ತು. ಆಸ್ಥಾನದಲ್ಲಿ ಮನ್ನಣೆ ದೊರೆಯಿತು. ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಸಂಗೀತ ಹೇಳಿಕೊಡುವ ಕೆಲಸವೂ ಬಂದಿತು. ಗುರು ಶಿಷ್ಯೆಯರ ನಡುವೆ ಒಲವು ಬೆಳೆಯಿತು. ಜಾತಿ, ಮತ, ಅಂತಸ್ತು ಈ ಮೂರೂ ಅಡ್ಡ ನಿಂತಿದ್ದ ಆ ಕಾಲದಲ್ಲಿ ಇಬ್ಬರೂ ಬಡೋದೆಯನ್ನು ತೊರೆದು ಮುಂಬಯಿಯ ದಾರಿ ಹಿಡಿದರು. ರಾಜಾಶ್ರಯ ಕಳೆದುಹೋಯಿತು. ಮುಂದಿನ ಬದುಕೆಲ್ಲ ಕಛೇರಿಯ ಗಳಿಕೆಯ ಮೇಲೆ, ತಿರುಗಾಟದ ಮೇಲೆ ನಿಂತಿತು.

ಆ ತಿರುಗಾಟವೇ ಅವರನ್ನು ಮಿರಜಿಗೆ ಕರೆತಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ವರ್ಷಗಳಲ್ಲಿ ಪ್ಲೇಗು ಊರೂರುಗಳನ್ನು ಬರಿದು ಮಾಡುತ್ತಿತ್ತು. ಇಲ್ಲಿ ಖಾನ್ ಸಾಹೇಬರಿಗೂ ಆ ಬೇನೆ ತಗಲಿತೆಂದೂ, ಅವರು ಮೀರಾಸಾಹೇಬರ ಸನ್ನಿಧಿಯಲ್ಲಿ ಹಾಡಿ ಹರಕೆ ಹೊತ್ತು ಗುಣ ಹೊಂದಿದರೆಂದೂ ಮಿರಜಿನ ಜನ ಇಂದಿಗೂ ಹೇಳುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಆ ಬಳಿಕ ಅವರು ಮಿರಜನ್ನು ತಮ್ಮ ಊರಾಗಿಸಿಕೊಂಡದ್ದು, ಉರುಸಿನಲ್ಲಿ ದರ್ಗಾದ ಆವರಣದಲ್ಲಿ ಕುಳಿತು ಸಂಭಾವನೆಯ ಮಾತಿಲ್ಲದೆ ಹಾಡುವುದನ್ನು ಸೇವೆಯೆಂದು ನಡೆಸಿಕೊಂಡು ಬಂದದ್ದು ಮಾತ್ರ ನಿಜ.

ಮಿರಜ ಆಗ ಬರಿಯ ಊರಲ್ಲ, ಸಂಗೀತದ ಕೂಡಲಸಂಗಮ. ಪಟವರ್ಧನ ಮನೆತನದ ಸಂಸ್ಥಾನಿಕರು ಕಲಾವಿದರನ್ನು ಕರೆಸಿ ಗೌರವಿಸುತ್ತಿದ್ದರು. ಗ್ವಾಲಿಯರ್ ಘರಾಣೆಯ ಗಾಯನವನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರರು ಇಲ್ಲಿ ಪಾಠ ಹೇಳಿದ್ದರು. ಅವರಲ್ಲಿ ಕಲಿತ ಕುರುಂದವಾಡದ ಬಾಲಕ ವಿಷ್ಣು ದಿಗಂಬರ ಪಲುಸ್ಕರರು ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಪಲುಸ್ಕರರೂ ಖಾನ್ ಸಾಹೇಬರೂ ಹುಟ್ಟಿದ್ದು ಒಂದೇ ವರ್ಷ, 1872ರಲ್ಲಿ. ಒಬ್ಬರು ಮಿರಜಿನಲ್ಲಿ ಕಲಿತು ಉತ್ತರಕ್ಕೆ ಹೋಗಿ ಶಾಲೆ ಕಟ್ಟಿದರು. ಇನ್ನೊಬ್ಬರು ಉತ್ತರದಲ್ಲಿ ಕಲಿತು ಮಿರಜಿಗೆ ಬಂದು ಶಿಷ್ಯರನ್ನು ಕಟ್ಟಿದರು. ಪಲುಸ್ಕರರು 1931ರಲ್ಲಿ ಕಣ್ಣುಮುಚ್ಚಿದ್ದೂ ಮಿರಜಿನಲ್ಲಿಯೇ.

ಇನ್ನು ವಾದ್ಯಗಳ ಮಾತು. ಒಂದು ಕಾಲದಲ್ಲಿ ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಆಯುಧಗಳಿಗೆ ಗಿರಾಕಿ ತಪ್ಪಿದಾಗ ಅದೇ ಕೈಚಳಕವನ್ನು ಸಿತಾರು ತಂಬೂರಿಗಳ ಕಡೆಗೆ ತಿರುಗಿಸಿದ್ದರು. ಭೀಮಾ ತೀರದ ಹೊಲಗಳಲ್ಲಿ ಬೆಳೆದು ಒಣಗಿದ ದೊಡ್ಡ ಸೋರೆಬುರುಡೆಗಳು ಮಿರಜಿನ ಗಲ್ಲಿಗಳಲ್ಲಿ ನಾದದ ಕೊಡಗಳಾಗುತ್ತಿದ್ದವು. ಖಾನ್ ಸಾಹೇಬರಂಥವರಿಗೆ ಇದಕ್ಕಿಂತ ತಕ್ಕ ನೆರೆಹೊರೆ ಬೇರೆಲ್ಲಿ ಸಿಕ್ಕೀತು? ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅವರು ಸಹಿಸುತ್ತಿರಲಿಲ್ಲ. ಹದಗೆಟ್ಟ ವಾದ್ಯವನ್ನು ತಾವೇ ಬಿಚ್ಚಿ, ಕೆರೆದು, ತಂತಿ ಬಿಗಿದು, ಜವಾರಿ ಕೂಡಿಸಬಲ್ಲವರಾಗಿದ್ದರು. ಎರಡು ತಂಬೂರಿಗಳು ಒಂದಾಗಿ ಮಿಡಿದು ಕೋಣೆಯೆಲ್ಲ ನಾದದಿಂದ ತುಂಬಿದ ಮೇಲೆಯೇ ಅವರ ಬಾಯಿಂದ ಮೊದಲ ಷಡ್ಜ ಹೊರಡುತ್ತಿತ್ತು.

ಅವರ ಕಂಠ ಗಡಸಾದುದಲ್ಲ. ತೆಳುವಾದ, ಎತ್ತರದ ಶ್ರುತಿಯ, ಬೆಣ್ಣೆಯಲ್ಲಿ ಎಳೆದ ನೂಲಿನಂಥ ದನಿ. ತಾನುಗಳ ಮಳೆಗರೆದು ಸಭೆಯನ್ನು ಬೆರಗುಗೊಳಿಸುವುದೇ ಹೆಚ್ಚಿನವರ ಗುರಿಯಾಗಿದ್ದ ಕಾಲದಲ್ಲಿ ಅವರು ಒಂದೊಂದು ಸ್ವರದ ಮೇಲೂ ನಿಂತು, ಅದರ ಸುತ್ತ ಸುಳಿದು, ಅದು ತಾನಾಗಿ ಮುಂದಿನ ಸ್ವರವನ್ನು ಕರೆಯುವ ತನಕ ಕಾಯುತ್ತಿದ್ದರು. ವಿಲಂಬಿತ ಖಯಾಲಿನ ಈ ನಿಧಾನದ ಬೆಳವಣಿಗೆಯೇ ಕಿರಾಣಾ ಘರಾಣೆಯ ಗುರುತಾಯಿತು. ಗ್ವಾಲಿಯರ್ ಘರಾಣೆಯ ರಹಿಮತ್ ಖಾನರ ಗಾಯನ ಅವರ ಮೇಲೆ ಆಳವಾದ ಪರಿಣಾಮ ಮಾಡಿತ್ತು. ಸಾಂಗ್ಲಿ ಸೀಮೆಯವರೇ ಆದ ವಿಷ್ಣುಪಂತ ಛತ್ರೆಯವರ ಸರ್ಕಸ್ಸಿನೊಡನೆ ಊರೂರು ಅಲೆದ ಆ ವಿರಾಗಿ ಗಾಯಕರು ತಮ್ಮ ಕಡೆಯ ದಿನಗಳನ್ನು ಕಳೆದದ್ದು ಹತ್ತಿರದ ಕುರುಂದವಾಡದಲ್ಲಿ. ಠುಮರಿಯನ್ನು ಹಾಡುವಾಗಲೂ ಖಾನ್ ಸಾಹೇಬರು ಶೃಂಗಾರದ ಚೆಲ್ಲಾಟವನ್ನು ಬದಿಗಿಟ್ಟು ಅದರೊಳಗಿನ ವಿರಹವನ್ನು, ಬಹುಮಟ್ಟಿಗೆ ಭಕ್ತಿಯಾಗುವಷ್ಟು ಆರ್ತವಾಗಿ, ಹೊರತೆಗೆಯುತ್ತಿದ್ದರು. ಮರಾಠಿ ನಾಟ್ಯಗೀತೆಗಳನ್ನು ಕೂಡ ಪ್ರೀತಿಯಿಂದ ಹಾಡಿದರು.

ಮಿರಜಿನ ಇನ್ನೊಂದು ಭಾಗ್ಯ ಅದರ ರೈಲು ಜಂಕ್ಷನ್. ಇಲ್ಲಿ ಹತ್ತಿದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ದೂರವಲ್ಲ. ಮೈಸೂರು ಅರಮನೆಯಿಂದ ಖಾನ್ ಸಾಹೇಬರಿಗೆ ಮತ್ತೆ ಮತ್ತೆ ಕರೆ ಬರುತ್ತಿತ್ತು. ಸಂಗೀತರತ್ನ ಎಂಬ ಬಿರುದನ್ನು ಕೊಟ್ಟು ಆ ಆಸ್ಥಾನ ಅವರನ್ನು ಮನ್ನಿಸಿತು. ಹೋಗುತ್ತ ಬರುತ್ತ ಧಾರವಾಡದಲ್ಲಿ ತಂಗುವುದು, ಅಲ್ಲಿ ಬೈಠಕ್ಕುಗಳಲ್ಲಿ ಹಾಡುವುದು, ಪಾಠ ಹೇಳುವುದು ರೂಢಿಯಾಯಿತು. ಅವರು ಕೊಡಲಷ್ಟೇ ಬಂದವರಲ್ಲ, ಪಡೆಯಲೂ ಬಂದವರು. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಕೇಳಿ, ಸ್ವರಕಲ್ಪನೆಯ ಸೊಗಸನ್ನು ಮೆಚ್ಚಿ, ಖಯಾಲಿನಲ್ಲಿ ಸರಿಗಮವನ್ನು ಹೊಸ ಸೊಬಗಿನಿಂದ ಅಳವಡಿಸಿದರು. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ಕಲಿತು ಧ್ವನಿಮುದ್ರಿಕೆಯಲ್ಲಿಯೂ ಹಾಡಿದರು. ದಕ್ಷಿಣದ ಪದ್ಧತಿಯನ್ನು ಇಷ್ಟು ಆದರದಿಂದ ಅಭ್ಯಾಸ ಮಾಡಿದ ಉತ್ತರದ ಉಸ್ತಾದರು ಆ ಕಾಲದಲ್ಲಿ ತೀರ ವಿರಳ. ಧಾರವಾಡದಲ್ಲಿ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಕರ್ನಾಟಕ ಸಂಗೀತವನ್ನು ಬಹು ಹೊತ್ತು ಕೇಳಿ, ತಂಜಾವೂರಿನಲ್ಲಿಯೇ ಕುಳಿತಂತೆ ಭಾಸವಾಯಿತೆಂದು ಮೆಚ್ಚಿ ನುಡಿದರಂತೆ. ಆ ಮನೆಯ ಪುಟ್ಟ ಹುಡುಗಿಗೂ ಚೆನ್ನಾಗಿ ಉಂಡು ಚೆನ್ನಾಗಿ ಹಾಡಬೇಕೆಂದು ಹರಸಿದರಂತೆ. ಆ ಹುಡುಗಿಯೇ ಮುಂದೆ ಗಂಗೂಬಾಯಿ ಹಾನಗಲ್.

ಧಾರವಾಡ ಸೀಮೆಯ ಅಮರಗೋಳದಲ್ಲಿ 1886ರಲ್ಲಿ ಹುಟ್ಟಿ ಕುಂದಗೋಳದಲ್ಲಿ ಬೆಳೆದ ರಾಮಭಾವು ಎಂಬ ಹುಡುಗನಿಗೆ ಹಾಡಿನ ಹುಚ್ಚು. ತಂದೆ ಗಣೇಶರಾವ್ ಸಂಶಿಯವರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಕಾರಕೂನರು. ಆ ವಾಡೆಗೆ ಖಾನ್ ಸಾಹೇಬರು ಬಂದು ಹೋಗುತ್ತಿದ್ದರು. ಅವರನ್ನು ಕೇಳಿದ ಹುಡುಗನ ಮನಸ್ಸು ಬೇರೆಲ್ಲಿಯೂ ನಿಲ್ಲದಾಯಿತು. ಖಾನ್ ಸಾಹೇಬರು ಕಲಿಸಲು ಒಪ್ಪಿದರು. ಆದರೆ ಎಂಟು ವರ್ಷ ತಮ್ಮ ಬಳಿಯೇ ಇರಬೇಕೆಂಬ ಕರಾರು ಹಾಕಿದರು. ಬ್ರಾಹ್ಮಣ ಕಾರಕೂನನ ಮಗ ಮುಸಲ್ಮಾನ ಗುರುವಿನೊಡನೆ ವರ್ಷಾನುಗಟ್ಟಲೆ ಇರುವುದೆಂದರೆ ಆ ಕಾಲದಲ್ಲಿ ಎರಡೂ ಕಡೆಯವರಿಗೆ ಎಷ್ಟು ದೊಡ್ಡ ಮಾತು ಎಂಬುದನ್ನು ನಾವು ಊಹಿಸಿಕೊಳ್ಳಬೇಕು. ಹುಡುಗ ಇದ್ದ. ಗುರು ಅವನಿಗೆ ಸ್ವರವನ್ನು ತಿಂಗಳುಗಟ್ಟಲೆ ತಿಕ್ಕಿಸಿದರು. ಅವನ ಕಂಠ ಗುರುವಿನಂತೆ ಸಲೀಸಾದುದಲ್ಲ. ಆದರೂ ಗುರುವಿನ ಮಾರ್ಗವನ್ನು ಅವನಷ್ಟು ತನ್ನದಾಗಿಸಿಕೊಂಡವರು ಇಲ್ಲ. ಮುಂದೆ ಅವನು ನಾಟಕ ಕಂಪನಿ ಸೇರಿದ್ದು ಖಾನ್ ಸಾಹೇಬರ ಮನಸ್ಸಿಗೆ ಬಂದಿರಲಿಲ್ಲ ಎನ್ನುತ್ತಾರೆ. ರಂಗಭೂಮಿಯೇ ಅವನಿಗೆ ಸವಾಯಿ ಗಂಧರ್ವ ಎಂಬ ಹೆಸರನ್ನು ಕೊಟ್ಟಿತು. ಗುರು ಕೊಟ್ಟ ವಿದ್ಯೆ ಆ ಹೆಸರನ್ನು ಉಳಿಸಿತು.

ವಿದ್ಯೆಯನ್ನು ಮನೆತನದ ಒಡವೆಯೆಂದು ಪೆಟ್ಟಿಗೆಯಲ್ಲಿಟ್ಟು, ಮಗನಿಗೋ ಅಳಿಯನಿಗೋ ಮಾತ್ರ ಕೀಲಿ ಕೊಡುವ ಉಸ್ತಾದರು ಬಹಳ ಮಂದಿ ಇದ್ದ ಕಾಲವದು. ಖಾನ್ ಸಾಹೇಬರು ಆ ಪೆಟ್ಟಿಗೆಯ ಮುಚ್ಚಳವನ್ನೇ ತೆಗೆದಿಟ್ಟರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ, ಕಲಿಯುವ ಹಂಬಲವುಳ್ಳ ಬಡ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಸೇರಿಸಿಕೊಂಡು, ಊಟ ವಸತಿ ಕೊಟ್ಟು, ಉತ್ತಮವಾದ ಚೀಜುಗಳನ್ನೇ ಹೇಳಿಕೊಟ್ಟರು. ವಿದ್ಯಾಲಯದ ಖರ್ಚು ಅವರ ಕಛೇರಿಗಳಿಂದ ಬರಬೇಕಾಗಿತ್ತು. ಹಾಡಿ ಗಳಿಸಿದ್ದು ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ಬೆಹರೆಬುವಾ, ಬಾಳಕೃಷ್ಣಬುವಾ ಕಪಿಲೇಶ್ವರಿ ಮೊದಲಾದವರು ಅವರಲ್ಲಿ ಕಲಿತರು. ಕಪಿಲೇಶ್ವರಿಯವರು ಮುಂದೆ ಗುರುವಿನ ಚರಿತ್ರೆಯನ್ನೂ ಬರೆದರು.

ಶಾಸ್ತ್ರದ ಚರ್ಚೆಯಿಂದಲೂ ಅವರು ದೂರ ನಿಲ್ಲಲಿಲ್ಲ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಡೆಪ್ಯುಟಿ ಕಲೆಕ್ಟರ್ ಹುದ್ದೆಯಲ್ಲಿದ್ದು, ಇಪ್ಪತ್ತೆರಡು ಶ್ರುತಿಗಳ ಲೆಕ್ಕವನ್ನು ಶೋಧಿಸುತ್ತಿದ್ದವರು. ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧೀಶರು ಅವರ ಜೊತೆಗಾರರು. ಪುಸ್ತಕದ ಲೆಕ್ಕ ಗಾಯನದಲ್ಲಿ ಹೊಂದುವುದೋ ಇಲ್ಲವೋ ಎಂದು ನೋಡಲು ಇವರಿಗೆ ತಪ್ಪದೆ ಸ್ವರ ಹಿಡಿಯುವ ಕೊರಳು ಬೇಕಿತ್ತು. ಖಾನ್ ಸಾಹೇಬರು ಅದಕ್ಕೆ ಒದಗಿದರು. ತಮ್ಮ ವಿದ್ಯೆಯನ್ನು ಹೀಗೆ ಪರೀಕ್ಷೆಗೆ ಒಡ್ಡಲು ಅನೇಕ ಗಾಯಕರು ಹಿಂಜರಿಯುತ್ತಿದ್ದ ದಿನಗಳಲ್ಲಿ ಇದು ಧೈರ್ಯದ ಕೆಲಸವೇ ಆಗಿತ್ತು.

ಚರಿತ್ರೆಯನ್ನು ಬರೆಯುವವರು ಇಲ್ಲಿಯೇ ನಿಲ್ಲಿಸಿದರೆ ಅದು ಅರ್ಧ ಚರಿತ್ರೆಯಾದೀತು. ಊರ ಮಕ್ಕಳಿಗೆಲ್ಲ ಮನೆಯಾಗಿದ್ದವರ ಸ್ವಂತ ಮನೆ 1922ರಲ್ಲಿ ಒಡೆಯಿತು. ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಪತಿಯಿಂದ ಬೇರೆಯಾದರು. ಒಮ್ಮೆ ಪ್ರೀತಿಗಾಗಿ ತವರನ್ನು ಬಿಟ್ಟು ಬಂದ ಹೆಣ್ಣು ಎರಡನೆಯ ಬಾರಿಗೆ ಮನೆ ಬಿಡುವುದೆಂದರೆ ಅದರ ಹಿಂದೆ ಎಷ್ಟು ನೋವು ಇದ್ದಿರಬೇಕು! ಮಕ್ಕಳ ಹೆಸರುಗಳು ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಮಿರಜಿನಲ್ಲಿ 1905ರಲ್ಲಿ ಹುಟ್ಟಿದ ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು, ಸಕೀನಾ ಸರಸ್ವತಿಯಾದರು. ಮಹಾಗುರುವೆನಿಸಿದವರು ಮಹಾಪತಿಯೂ ಮಹಾಪಿತೃವೂ ಆಗಿಯೇ ಇರುತ್ತಾರೆಂಬ ನಿಯಮವಿಲ್ಲ. ಖಾನ್ ಸಾಹೇಬರು ಮತ್ತೆ ಶಿಷ್ಯೆಯೊಬ್ಬರನ್ನು ಮದುವೆಯಾದರು. ಸರಸ್ವತಿಬಾಯಿ ಮಿರಜಕರ್ ಎಂಬ ಹೆಸರಿನಿಂದ ಅವರೂ ಗಾಯಕಿಯಾಗಿ ಹೆಸರಾದರು. ಆದರೆ ಐವರು ಮಕ್ಕಳು ಕಣ್ಣಿಂದ ಮರೆಯಾದ ಆ ಮನೆಯಲ್ಲಿ ಹಾಡಿದ ವಿರಹದ ಠುಮರಿಗಳನ್ನು ನಾವು ಕೇಳುವಾಗ, ಆ ಆರ್ತತೆ ಬರಿಯ ಕಲೆಗಾರಿಕೆಯಲ್ಲ ಎಂಬ ಭಾವನೆ ಬಾರದಿರದು.

ಆ ಹಾಡುಗಳು ನಮ್ಮ ಪಾಲಿಗೆ ಉಳಿದದ್ದು ಧ್ವನಿಮುದ್ರಿಕೆಗಳ ಉಪಕಾರ. ಕೊರಳು ಯಂತ್ರದ ಪಾಲಾದರೆ ವಿದ್ಯೆಯೇ ಕಳೆದುಹೋಗುವುದೆಂದು ಕೆಲವರು ಹೆದರುತ್ತಿದ್ದ ದಿನಗಳಲ್ಲಿ, 1905ರಲ್ಲಿಯೇ ಅವರು ಧ್ವನಿಮುದ್ರಣಕ್ಕೆ ಹಾಡಿದರು. ಮತ್ತೆ 1930ರ ದಶಕದಲ್ಲಿ, ಕಂಠ ಮಾಗಿದ ಕಾಲದಲ್ಲಿ, ಒಡಿಯನ್ ಕಂಪನಿಗಾಗಿ ಹಾಡಿದರು. ಮೂರು ಮೂರೂವರೆ ನಿಮಿಷದ ತಟ್ಟೆಯಲ್ಲಿ ಒಂದು ರಾಗದ ಮುಖವನ್ನೇ ತೋರಿಸಿಬಿಡುವ ಕಲೆ ಅವರಿಗೆ ಕೈವಶವಾಗಿತ್ತು. ಗದುಗಿನ ಅಂಗಡಿಯೊಂದರಲ್ಲಿ ಅವರ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಕೇಳಿದ ಶಾಲಾಮಾಸ್ತರರ ಮಗನೊಬ್ಬ ಹಾಗೆ ಹಾಡಲೇಬೇಕೆಂದು ಹಟತೊಟ್ಟು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದ. ಗ್ವಾಲಿಯರ್, ಜಲಂಧರ ಎಂದೆಲ್ಲ ಅಲೆದ ಆ ಹುಡುಗ ಕೊನೆಗೆ ಗುರುವನ್ನು ಕಂಡುಕೊಂಡದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಅದೇ ಸವಾಯಿ ಗಂಧರ್ವರ ಬಳಿ. ಅವರೇ ಭೀಮಸೇನ ಜೋಶಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಅದೇ ಗುರುವಿನಿಂದ ಗಂಗೂಬಾಯಿಯವರೂ ಕಲಿತರು.

ಖಾನ್ ಸಾಹೇಬರ ಕಡೆಯ ಪಯಣವೂ ದಕ್ಷಿಣಕ್ಕೆ. 1937ರ ಅಕ್ಟೋಬರಿನಲ್ಲಿ ಮದರಾಸಿನಲ್ಲಿ ಹಾಡಿ, ಆಹ್ವಾನದ ಮೇರೆಗೆ ಪುದುಚೇರಿಯ ಅರವಿಂದಾಶ್ರಮಕ್ಕೆ ಹೊರಟಿದ್ದರು. ರೈಲಿನಲ್ಲಿ ಎದೆನೋವು ಕಾಣಿಸಿಕೊಂಡಿತು. ಚೆಂಗಲಪಟ್ಟು ಸಮೀಪದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿಗೆ ಹಾಸಿಸಿ, ನಮಾಜು ಮಾಡಿ, ತಂಬೂರಿಯನ್ನು ಶ್ರುತಿಗೂಡಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಕಣ್ಣುಮುಚ್ಚಿದರೆಂದು ಶಿಷ್ಯಪರಂಪರೆ ನೆನೆಯುತ್ತದೆ. ಅದು ಅಕ್ಟೋಬರ್ 27. ಅರವತ್ತೈದು ತುಂಬಲು ಹದಿನೈದು ದಿನ ಬಾಕಿಯಿತ್ತು. ದೇಹವನ್ನು ಅಷ್ಟು ದೂರದಿಂದ ಮಿರಜಿಗೆ ತಂದು, ಅವರು ಹಾಡುತ್ತಿದ್ದ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಲಾಯಿತು. ಕೈರಾಣಾದಲ್ಲಿ ಹುಟ್ಟಿದವರ ಕಡೆಯ ಊರು ಮಿರಜವೇ ಆಯಿತು.

ಅವರ ಬಾಳಿನ ಫಲವನ್ನು ಲೆಕ್ಕ ಹಾಕಲು ಅವರ ಮರಣದಾಚೆಗೆ ನೋಡಬೇಕು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಪುಣೆಯಲ್ಲಿ ನಡೆಯತೊಡಗಿದ ಸಂಗೀತೋತ್ಸವ ಇಂದು ದೇಶದ ದೊಡ್ಡ ಸಭೆಗಳಲ್ಲೊಂದು. ಗಂಗೂಬಾಯಿಯವರಿಗೆ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಸಂದವು. ಪಾರಸಿಗಳಾದ ಫಿರೋಜ್ ದಸ್ತೂರರು ಅದೇ ಶಾಖೆಯವರು. ಖಾನ್ ಸಾಹೇಬರ ಶಿಷ್ಯೆ ರೋಶನ್ ಆರಾ ಬೇಗಂ ಅದೇ ಗಾಯನವನ್ನು ಪಾಕಿಸ್ತಾನದಲ್ಲಿ ಬೆಳಗಿಸಿದರು. ಇನ್ನು ಬೇರೆಯಾಗಿ ಹೋದ ಮಕ್ಕಳು? ಸುರೇಶಬಾಬು ಪ್ರಭಾ ಅತ್ರೆಯವರಂಥ ಗಾಯಕಿಯರಿಗೆ ಗುರುವಾದರು. ಹೀರಾಬಾಯಿಯವರು ಕಿರಾಣಾ ಘರಾಣೆಯವರೇ ಆದ ಅಬ್ದುಲ್ ವಹೀದ್ ಖಾನರಿಂದ ತಾಲೀಮು ಪಡೆದು, ಟಿಕೇಟಿನ ಸಾರ್ವಜನಿಕ ಕಛೇರಿಗಳನ್ನು ಧೈರ್ಯದಿಂದ ನಡೆಸಿ, ಮರ್ಯಾದಸ್ಥ ಹೆಣ್ಣುಮಕ್ಕಳು ವೇದಿಕೆಯೇರುವ ದಾರಿಯನ್ನು ಹದಗೊಳಿಸಿದರು. ತಂದೆಯ ಹೆಸರನ್ನು ಬಿಟ್ಟ ಮಕ್ಕಳು ತಂದೆಯ ಸ್ವರವನ್ನು ಬಿಡಲಿಲ್ಲ. ಒಡೆದ ಮನೆಯನ್ನು ಸಂಗೀತ ಮತ್ತೆ ಕೂಡಿಸಲಾರದೆ ಹೋಯಿತು. ಆದರೆ ಅದರ ಎರಡು ಹೋಳುಗಳಲ್ಲಿಯೂ ಒಂದೇ ಷಡ್ಜ ಮೊಳಗುತ್ತಿತ್ತು.

ಮಿರಜಿನ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಂದಿಗೂ ಆ ಗಲ್ಲಿಗಳಲ್ಲಿ ಬುರುಡೆಗೆ ಮೆರುಗು ಕೊಡುವ ಕೈಗಳಿವೆ. ದೇಶದ ಮೂಲೆಮೂಲೆಯ ಗಾಯಕರು ಉರುಸಿಗೆ ಬಂದು ಖಾನ್ ಸಾಹೇಬರ ಸಮಾಧಿಯ ಸನ್ನಿಧಿಯಲ್ಲಿ ಹಾಡಿ ಧನ್ಯರಾದೆವೆಂದುಕೊಳ್ಳುತ್ತಾರೆ.

ಮರಾಠಿ ನಾಡಿನಲ್ಲಿ ಕನ್ನಡವನ್ನು ಕಲಿತು ಕಲಿಸಿ ಬಾಳುತ್ತಿರುವ ನಮಗೆ ಈ ಚರಿತ್ರೆ ಹೊರಗಿನದಲ್ಲ. ಗಡಿ ಎಲ್ಲಿಯದು, ಭಾಷೆ ಯಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟೋ ಬಾರಿ ಬಂದು ಹೋಗಿದೆ. ಉರ್ದು ಮನೆಮಾತಿನ ಗುರು ಮಿರಜಿನಲ್ಲಿ ಮನೆ ಮಾಡಿ, ಕುಂದಗೋಳದ ಹುಡುಗನಿಗೆ ಬ್ರಜಭಾಷೆಯ ಚೀಜುಗಳನ್ನು ಕಲಿಸುವಾಗ, ಆ ಪಾಠದಲ್ಲಿ ಮುಖ್ಯವಾದದ್ದು ಒಂದೇ: ಸ್ವರ ಸರಿಯಾಗಿ ಹತ್ತಿತೋ ಇಲ್ಲವೋ. ಮಗುವಿನ ಜಾತಿಯನ್ನು ಕೇಳದೆ, ಮನೆಮಾತನ್ನು ಹೀಗಳೆಯದೆ, ತಾವು ಬಲ್ಲದ್ದನ್ನು ಮುಚ್ಚಿಡದೆ ಕಲಿಸಿದ ಮಾಸ್ತರರು, ಅಕ್ಕೋರು ನಮ್ಮ ಶಾಲೆಯಲ್ಲಿಯೂ ನೂರು ವರ್ಷಗಳ ಉದ್ದಕ್ಕೂ ಇದ್ದರು. ಅವರಲ್ಲಿ ಹೆಚ್ಚಿನವರ ಸಮಾಧಿಯ ಮುಂದೆ ಯಾವ ಸಭೆಯೂ ನಡೆಯುವುದಿಲ್ಲ. ಆದರೆ ಅವರು ತಿದ್ದಿಸಿದ ಅಕ್ಷರ ನಮ್ಮ ಕೈಯಲ್ಲಿದೆ, ನಮ್ಮ ಮಕ್ಕಳ ಕೈಗೆ ದಾಟುತ್ತಿದೆ. ಮುಂದಿನ ಉರುಸಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಆಟಿಕೆಯ ಅಂಗಡಿಯಿಂದ ನಾಲ್ಕು ಹೆಜ್ಜೆ ಮುಂದೆ ನಡೆದು ಆ ಸಮಾಧಿಯನ್ನೂ ತೋರಿಸೋಣ. ಅಲ್ಲಿ ಮಲಗಿರುವವರೂ ಒಬ್ಬ ಮಾಸ್ತರರೇ ಎಂದು ಹೇಳೋಣ.